ಹಿಪ್ಪಿ ಕೂದಲಿನ ವಾಯಿದೆ

ಹಿಪ್ಪಿ ಅಂದರೆ ಯಾರು ಎಂಬ ಪ್ರಶ್ನೆಗೆ ಆಗ ದಾವಣಗೆರೆಯಲ್ಲಿ ಒಂದೇ ಉತ್ತರವಿತ್ತು: ಕಟಿಂಗ್ ಮಾಡಿಸಿಕೊಳ್ಳದವನು. ಯುದ್ಧ ಬೇಡ, ಆಸ್ತಿ ಬೇಡ ಎನ್ನುವ ಅವರ ತತ್ವವೆಲ್ಲ ನಮ್ಮ ನಿಜಲಿಂಗಪ್ಪ ಬಡಾವಣೆಗೆ ಬಂದು ಮುಟ್ಟಿರಲಿಲ್ಲ. ಕೂದಲು ಮಾತ್ರ ಮುಟ್ಟಿತ್ತು, ಅದೂ ಇಪ್ಪತ್ತೈದು ವರ್ಷ ತಡವಾಗಿ. ಕಿವಿಯ ಮೇಲೆ ಎರಡು ಬೆರಳು ಕೂದಲು ಇಳಿದರೆ ಸಾಕು, ಅಪ್ಪ ಪೇಪರಿನಿಂದ ಮುಖ ಎತ್ತದೆಯೇ, "ಏನಲೇ, ಹಿಪ್ಪಿ ಆಗೀಯೇನು?" ಅನ್ನುತ್ತಿದ್ದರು.

ನಾನು ಹಿಪ್ಪಿಯಾದದ್ದು ಚೀಟಿ ಎತ್ತಿ. ತೊಂಬತ್ತರ ದಶಕ ಮುಗಿಯಲು ಬಂದಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗೆ ಕೊಟ್ಟ ವಿಷಯ, 'ಹಿಪ್ಪಿಗಳು ಹೇಡಿಗಳು'. ಅದಕ್ಕೆ ವಿರೋಧವಾಗಿ ಮಾತಾಡುವ ಚೀಟಿ ನನಗೆ ಬಂತು. ನಮ್ಮ ಚರ್ಚಾಕೂಟದಲ್ಲಿ ಎರಡು ನಿಯಮವಿದ್ದವು: ಯಾವ ಪಕ್ಷ ಬಂದರೂ ಗೆಲ್ಲಬೇಕು, ಯಾವ ಪಕ್ಷವನ್ನೂ ನಂಬಬಾರದು. ಮೊದಲನೆಯದನ್ನು ಪಾಲಿಸಿದೆ. ಎರಡನೆಯದರಲ್ಲಿ ಎಡವಿದೆ. ನನ್ನ ಭಾಷಣಕ್ಕೆ ನಾನೇ ಮರುಳಾಗಿಬಿಟ್ಟೆ.

ಹಾಗಾಗಿ ಸಮಾಜವನ್ನು ಧಿಕ್ಕರಿಸಿದೆ. ಧಿಕ್ಕರಿಸಿ, ಬೆಳಗ್ಗೆ ಒಂಬತ್ತಕ್ಕೆ ಅಮ್ಮ ರೊಟ್ಟಿ ಬಡಿಯುವಾಗ ತಪ್ಪದೆ ಅಡುಗೆಮನೆಯಲ್ಲಿ ಹಾಜರಿರುತ್ತಿದ್ದೆ. ಕೊರಳಿಗೆ ಮಣಿಸರ ಬೇಕಿತ್ತು. ನಮ್ಮೂರಲ್ಲಿ ಗಂಡಸರ ಕೊರಳಿಗೆ ಸಿಗುವ ಮಣಿ ರುದ್ರಾಕ್ಷಿ ಒಂದೇ, ಅದನ್ನೇ ಹಾಕಿಕೊಂಡೆ. ಕೊರಳಲ್ಲಿ ಶಿವದಾರ ಮೊದಲೇ ಇತ್ತು. ಅದನ್ನು ಬಿಚ್ಚಿಡುವಷ್ಟು ಹಿಪ್ಪಿ ನಾನಿನ್ನೂ ಆಗಿರಲಿಲ್ಲ. ಮುಕ್ತ ಪ್ರೇಮದ ಪರವಾಗಿ ನನ್ನ ಬಳಿ ಮೂರು ಪ್ರಬಲ ವಾದಗಳಿದ್ದವು. ಕೇಳಲು ಒಬ್ಬ ಹುಡುಗಿಯೂ ಇರಲಿಲ್ಲ.

ಕೂದಲು ಹೆಗಲು ದಾಟಿದ ಮೇಲೆ ಒಂದು ಭಾನುವಾರ ಬಸ್ ಹತ್ತಿ ಹರಿಹರಕ್ಕೆ, ಅಕ್ಕನ ಮನೆಗೆ ಹೋದೆ. ಅಕ್ಕನಿಗೆ ಮದುವೆಯಾಗಿ ಐದು ವರ್ಷ; ಮಕ್ಕಳಿರಲಿಲ್ಲ. ಅವಳ ಅತ್ತೆ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನ ತಲೆ ನೋಡಿದರು, ರುದ್ರಾಕ್ಷಿ ನೋಡಿದರು, ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟರು.

"ಬಾರಪಾ. ಯಾರ ಸಲುವಾಗಿ ಮುಡಿ ಬಿಟ್ಟೀ?"

ನಮ್ಮ ಕಡೆ ಗಂಡಸು ಕೂದಲು ಬಿಡುವುದಕ್ಕೆ ಇರುವ ಒಂದೇ ಮರ್ಯಾದಸ್ಥ ಕಾರಣ ಹರಕೆ. ನಾನು ಗಂಟಲು ಸರಿಮಾಡಿಕೊಂಡೆ. 'ಇದು ದೇವರಿಗೂ ಸಮಾಜಕ್ಕೂ ನನ್ನ ಪ್ರತಿಭಟನೆ' ಎಂದು ಆರಂಭಿಸುವುದರಲ್ಲಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕನ ದನಿ ಬಂತು.

"ನನ್ನ ಸಲುವಾಗಿ ಅತ್ತೀ. ಮಗು ಆಗ್ಲಿ ಅಂತ ಮನೆದೇವ್ರಿಗೆ ಬೇಡ್ಕೊಂಡಾನೆ."

ಅತ್ತೆಯ ಕಣ್ಣಲ್ಲಿ ನೀರಾಡಿತು. ಅವರು ಎದ್ದು ನನಗೆ ಮಣೆ ಹಾಕಿದರು. ನನ್ನ ಜೀವಮಾನದಲ್ಲಿ ಯಾವ ಭಾಷಣಕ್ಕೂ ಸಿಗದ ಗೌರವ ಅದು. ನಾನು ಬಾಯಿ ತೆರೆಯದ ಕಾರಣಕ್ಕೆ ಸಿಕ್ಕಿತ್ತು.

ಹಿತ್ತಲಲ್ಲಿ ಅಕ್ಕನ ಮೇಲೆ ಹರಿಹಾಯ್ದೆ. "ನನ್ನ ಕೂದ್ಲ ಮ್ಯಾಲೆ ಸುಳ್ಳು ಹೇಳಾಕೆ ನಿನಗೇನು ಹಕ್ಕೈತೆ? ಇದು ನನ್ನ ಸಿದ್ಧಾಂತ."

"ಸಿದ್ಧಾಂತ ನೀನೇ ಇಟ್ಕೋ, ಕೂದ್ಲು ನನಗೆ ಕೊಡು," ಅಂದಳು ಅಕ್ಕ, ಬಟ್ಟೆ ಹಿಂಡುತ್ತ. "ನಿಮ್ಮ ಭಾವಗೆ ಇನ್ನೊಂದು ಹೆಣ್ಣು ನೋಡಾಕೆ ಹತ್ಯಾರೆ. ಶಾಮನೂರು ಕಡೆ ಮಾತೂ ಆಗೈತೆ. ಹರಕೆ ನಡೀವಾಗ ಅಂಥದ್ದು ಯಾರೂ ಮಾಡಲ್ಲ, ದೇವ್ರಿಗೆ ಹೆದರ್ತಾರೆ. ನಿಮ್ಮ ಭಾವ ನನ್ನನ್ನ ಗುಟ್ಟಾಗಿ ಡಾಕ್ಟರ್ ಹತ್ರ ಕರ್ಕೊಂಡು ಹೊಂಟಾರೆ. ಆ ಡಾಕ್ಟರಮ್ಮ ಟೈಮ್ ಬೇಕು ಅಂದಾರೆ. ಆ ಟೈಮ್ ನನಗೆ ಯಾರು ಕೊಡ್ತಾರೆ?"

ಚರ್ಚೆಯಲ್ಲಿ ಎದುರಾಳಿ ಇಂಥ ಪ್ರಶ್ನೆ ಕೇಳಿದರೆ 'ವಿಷಯಾಂತರ' ಎಂದು ಆಕ್ಷೇಪಿಸಬೇಕೆಂದು ನಮಗೆ ಕಲಿಸಿದ್ದರು. ನಾನು ಬಕೀಟು ಎತ್ತಿಕೊಂಡು ಬಟ್ಟೆ ಒಣಹಾಕಲು ಹೋದೆ.

ಸಂಜೆ ಹೊರಡುವಾಗ ಅತ್ತೆ ವಾಯಿದೆಯನ್ನೂ ಹೇಳಿದರು. "ಸೊಂಟ ಮುಟ್ಟೋತನ ಬಿಡಪಾ. ಅಷ್ಟರಾಗೆ ದೇವ್ರು ಕಣ್ಣು ಬಿಟ್ರೆ ಸರಿ. ಇಲ್ಲಾಂದ್ರೆ ನಾವೂ ನಮ್ಮ ದಾರಿ ನೋಡ್ಬೇಕಾಗ್ತೈತೆ."

ಅಲ್ಲಿಂದ ಶುರುವಾಯಿತು ನನ್ನ ಸಂಕಟ. ಆರು ತಿಂಗಳಲ್ಲೇ ಹಿಪ್ಪಿತನ ನನಗೆ ಬೇಸರವಾಯಿತು. ಯೋಚಿಸಿದಷ್ಟೂ ಹಿಪ್ಪಿಗಳ ವಾದದಲ್ಲಿ ತೂತುಗಳು ಕಾಣಿಸಿದವು. ಆದರೆ ಕತ್ತರಿಸುವ ಹಾಗಿಲ್ಲ. ಯಾರ ಕಟ್ಟಿಗೂ ಒಳಪಡದವನು ಎಂದು ತೋರಿಸಲು ಬಿಟ್ಟ ಕೂದಲು ಹರಿಹರದ ಒಂದು ಪಡಸಾಲೆಗೆ ಒತ್ತೆ ಬಿದ್ದಿತ್ತು. ಬೇಸಿಗೆಯಲ್ಲಿ ಕುತ್ತಿಗೆಯ ತುಂಬ ಬೆವರುಸಾಲೆ. ಅಮ್ಮ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ಬಂದರೆ ಓಡುತ್ತಿದ್ದೆ. ಎಣ್ಣೆ ಹಚ್ಚಿದರೆ ಬೇಗ ಬೆಳೆದು ಅಕ್ಕನ ವಾಯಿದೆ ತೀರಿಬಿಡುತ್ತದೆಂಬ ಭಯ. ಎಣ್ಣೆಗೂ ಬೆಳವಣಿಗೆಗೂ ಸಂಬಂಧವಿದೆ ಅನ್ನುವುದಕ್ಕೆ ಆಧಾರವಿಲ್ಲವೆಂದು ನಾನೇ ಗೆಳೆಯರ ಜೊತೆ ವಾದಿಸಿದ್ದೆ. ಆದರೂ ಓಡುತ್ತಿದ್ದೆ.

ಇದರ ನಡುವೆ ಚರ್ಚಾ ತಂಡದ ಉಸ್ತುವಾರಿ ಮೇಷ್ಟ್ರು ಕರೆದು, "ಆ ಹಿಪ್ಪಿ ತಲೆ ಇಟ್ಕೊಂಡು ವೇದಿಕೆ ಹತ್ತಬ್ಯಾಡ. ತಲೆ ಬೇಕೋ, ಟೀಮ್ ಬೇಕೋ?" ಅಂದರು. ಉಡುಪಿನ ಸ್ವಾತಂತ್ರ್ಯದ ಬಗ್ಗೆ ನಾನು ಪೂರಾ ಹತ್ತು ನಿಮಿಷ ಮಾತಾಡಿದೆ. ಅವರು ಗಡಿಯಾರ ನೋಡಿದರು.

"ಹರಕೆ, ಸಾರ್," ಅಂದೆ ಕೊನೆಗೆ. "ಅಕ್ಕಗೆ ಮಕ್ಕಳಿಲ್ಲ."

"ಮೊದ್ಲೇ ಹೇಳಬಾರ್ದೇನಪಾ! ದೇವರ ಕೂದ್ಲಿಗೆ ನಾವ್ಯಾರು ಕೈ ಹಾಕಾಕೆ?"

ಹಿಂದಿನ ತಿಂಗಳಷ್ಟೇ ಅವರ ಎದುರಿಗೇ, ಹರಕೆ ಅಂದರೆ ದೇವರ ಜೊತೆ ಚೌಕಾಸಿ ಎಂದು ಸಾಧಿಸಿ ಬಹುಮಾನ ತೆಗೆದುಕೊಂಡಿದ್ದೆ. ಅವರಿಗೆ ನೆನಪಿರಲಿಲ್ಲವೋ, ಅಥವಾ ಚರ್ಚೆಯ ಮಾತಿಗೆ ಅಷ್ಟೇ ಬೆಲೆಯೋ, ಕೇಳುವ ಧೈರ್ಯ ನನಗಾಗಲಿಲ್ಲ.

ಕೂದಲು ಸೊಂಟಕ್ಕೆ ಒಂದು ಗೇಣು ಬಾಕಿ ಇದ್ದಾಗ ಅಕ್ಕ ಬಸುರಿಯಾದಳು. ಎರಡು ವರ್ಷ ಅವಳು ನುಂಗಿದ ಗುಳಿಗೆಗಳ ಹೆಸರು ಯಾರೂ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಕೀರ್ತಿಯೆಲ್ಲ ನನ್ನ ಜಡೆಗೆ ಬಂತು. ನಮ್ಮ ಬಂಧುಬಳಗದಲ್ಲಿ ಹರಕೆ ಫಲಿಸುತ್ತದೆ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಜನ ನನ್ನನ್ನು ತೋರಿಸತೊಡಗಿದರು.

ಹೆಣ್ಣುಮಗು. ಹನ್ನೊಂದನೆಯ ತಿಂಗಳಿಗೆ ಜವಳ, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವ ದಿನ. ಅದಕ್ಕೆ ಸೋದರಮಾವನ ತೊಡೆಯೇ ಬೇಕು. ನನ್ನ ಮುಡಿಯೂ ಅದೇ ದಿನ ಎಂದು ಅತ್ತೆ ನಿಶ್ಚಯಿಸಿದರು. ಹರಿಹರದ ಹೊಳೆದಂಡೆಯಲ್ಲಿ ಬೆಳಗಿನ ಬಿಸಿಲಿಗೆ ಕೂತೆವು. ಮೊದಲು ಮಗು ನನ್ನ ತೊಡೆಯ ಮೇಲೆ ಕೂತು ಊರಿಗೆಲ್ಲ ಕೇಳುವ ಹಾಗೆ ಪ್ರತಿಭಟಿಸಿತು. ಆಮೇಲೆ ನಾನು, ಸುಮ್ಮನೆ. ತಲೆ ಹಗುರಾಗಿ, ಗಾಳಿ ಬಡಿದು, ಆಹಾ ಎನ್ನುವಷ್ಟರಲ್ಲಿ ಅತ್ತೆ ಪಕ್ಕದ ಮನೆಯ ಹೆಂಗಸನ್ನು ಕರೆದುಕೊಂಡು ಬಂದರು. ಹಿಂದೆ ಅವರ ಸೊಸೆ, ಕುಕ್ಕುವಾಡದ ಹುಡುಗಿ.

"ಈಕೆಗೂ ನಾಕು ವರ್ಷಾತು," ಅಂದರು ಅತ್ತೆ. "ಅಣ್ಣ ತಮ್ಮ ಯಾರೂ ಇಲ್ಲ ಪಾಪ. ನಿನ್ನ ತಲೆ ಕೈಗೂಡೈತೆ. ಈಕೆ ಸಲುವಾಗಿ ಇನ್ನೊಂದು ಸಲ ಬಿಡಪಾ."

ಈ ಸಲ ನನ್ನಲ್ಲಿ ಉತ್ತರ ಸಿದ್ಧವಿತ್ತು. ಒಂದಾದ ಮೇಲೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವುದಿಲ್ಲ. ತರ್ಕಶಾಸ್ತ್ರದ ಮೊದಲ ವರ್ಷದ ಪಾಠ. ಅಕ್ಕನ ಕಡೆ ನೋಡಿದೆ. ಅವಳು ಮಗುವಿನ ತಲೆಗೆ ಗಂಧ ಹಚ್ಚುವುದರಲ್ಲಿ ಅತಿಯಾಗಿ ಮಗ್ನಳಾಗಿದ್ದಳು. ಆ ಹುಡುಗಿಯ ಕಡೆ ನೋಡಿದೆ. ಅವಳು ನನ್ನ ಬೋಳುತಲೆಯನ್ನು ದಿಟ್ಟಿಸಿ ನೋಡುತ್ತಿದ್ದಳು. ಆ ನೋಟದಲ್ಲಿ ಭಕ್ತಿ ಇರಲಿಲ್ಲ, ಲೆಕ್ಕಾಚಾರವಿತ್ತು.

"ಆಯ್ತು ಬಿಡ್ರಿ," ಅಂದೆ. "ಎಲ್ಲೀತನ?"

"ಅದೇ, ಸೊಂಟ ಮುಟ್ಲಿ," ಅಂದರು ಅವಳ ಅತ್ತೆ.

ಹಿರಿಯರಿಬ್ಬರೂ ಪೂಜೆಗೆ ಹೊಳೆಯ ಕಡೆ ತಿರುಗಿದರು. ಹುಡುಗಿ ಒಂದು ಹೆಜ್ಜೆ ಹಿಂದೆ ಉಳಿದು, ನನಗಷ್ಟೇ ಕೇಳುವಂತೆ ಅಂದಳು:

"ನಿಧಾನಕ್ಕೆ ಬೆಳೀಲಿ ಅಣ್ಣಾ."