ಹೆಂಗದೀರಿ ಅಂದವರ ಮೇಲೆ ಸಂಶಯ

ಯಾರಾದರೂ ನನ್ನ ಮುಖ ನೋಡಿ ‘ಹೆಂಗದೀರಿ?’ ಅಂತ ಕೇಳಿದರೆ ನನ್ನ ಕೈ ತಾನಾಗಿ ಉಡಿದಾರದ ಕೀಲಿಕೈ ಕಡೆ ಹೋಗುತ್ತದೆ. ಹೊಲದ ಕಾಗದ ಇಟ್ಟ ಟ್ರಂಕಿನ ಕೀಲಿ ಅದು. ಕೆಲಸವಿಲ್ಲದೆ ಮನುಷ್ಯ ಮನುಷ್ಯನನ್ನು ಹೀಗೆ ವಿಚಾರಿಸುವುದಿಲ್ಲ ಎಂದು ನಂಬಿದವನು ನಾನು. ಸಾಲಿ ನಾಲ್ಕನೆತ್ತೆಗೆ ಬಿಟ್ಟೆ, ದುಡಿಮೆ ಇವತ್ತಿಗೂ ಬಿಟ್ಟಿಲ್ಲ. ಸಂಶಯ ಮಾತ್ರ ಯಾರೂ ಕಲಿಸದೆ ಬಂದ ವಿದ್ಯೆ.

ನಮ್ಮ ಸಂಶಿ ಕಡೆ ಗಂಡಸರು ಒಬ್ಬರ ಮನಸ್ಸನ್ನು ಇನ್ನೊಬ್ಬರು ನೇರವಾಗಿ ಕೇಳುವ ರೂಢಿಯೇ ಇಲ್ಲ. ಎತ್ತು ನೋಡಲು ಬರುತ್ತಾರೆ. ಒಬ್ಬನ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಆಗಿರಲಿ, ಮಗಳು ಅಳುತ್ತಾ ತವರಿಗೆ ಬಂದಿರಲಿ, ಸಂಜೆಗೆ ಗೆಳೆಯ ಬಂದು, “ನಡಿ, ಎತ್ತು ನೋಡೂಣು” ಅನ್ನುತ್ತಾನೆ. ಇಬ್ಬರೂ ಕೊಟ್ಟಿಗೆಗೆ ಹೋಗಿ ಎತ್ತಿನ ಬಾಜೂಕ ನಿಲ್ಲುತ್ತಾರೆ. ಒಬ್ಬ ಅದರ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಇನ್ನೊಬ್ಬ ಕೊರಳಡಿಯ ಗಂಗೆದೊಗಲು ಸವರುತ್ತಾನೆ. ವರ್ಷಗಟ್ಟಲೆ ನೋಡಿದ ಅದೇ ಎತ್ತು, ಹಲ್ಲಿನಲ್ಲಿ ಹೊಸದೇನಿರುತ್ತದೆ? ಆದರೆ ಮುಖ ಮುಖ ನೋಡುವ ಕಷ್ಟವಿಲ್ಲ ನೋಡಿ, ಸ್ವಲ್ಪ ಹೊತ್ತಿಗೆ ಮಾತು ತಾನೇ ಹೊರಗೆ ಬೀಳುತ್ತದೆ. ಒಂದು ಹನಿ ಕಣ್ಣೀರು ಬಂದರೂ ಎತ್ತಿನ ಬೆನ್ನ ಮೇಲೆ ಬೀಳುತ್ತದೆ. ಅದು ನೊಣ ಅಂದುಕೊಂಡು ಬಾಲ ಬೀಸುತ್ತದೆ, ಅಷ್ಟೇ.

ಹೋದ ಸುಗ್ಗಿ ಮುಗಿದ ಮೇಲೆ, ನನ್ನ ಮೊಣಕಾಲು ಮಾತು ಕೇಳದೆ, ನಮ್ಮ ಎತ್ತಿನ ಜೋಡಿಯನ್ನು ಮಾರಿದೆವು. ಮಗ ಈರಣ್ಣ ಟ್ರ್ಯಾಕ್ಟರ್ ತಂದು ಅದೇ ಕೊಟ್ಟಿಗೆಯಲ್ಲಿ ನಿಲ್ಲಿಸಿದ. ಒಳ್ಳೆಯ ಯಂತ್ರ, ತಕರಾರಿಲ್ಲ. ಆದರೆ ಟ್ರ್ಯಾಕ್ಟರ್ ನೋಡಲು ಬಂದವರು ಈರಣ್ಣನನ್ನು ಕೂಗುತ್ತಾರೆ. ನನ್ನ ಕಡೆ ಬರಲು ಯಾರಿಗೂ ನೆಪ ಉಳಿಯಲಿಲ್ಲ. ನಸುಕಿಗೇ ಎಚ್ಚರಾಗುತ್ತಿತ್ತು. ಹಾಕಲು ಮೇವಿಲ್ಲ, ಎತ್ತಲು ಸಗಣಿ ಇಲ್ಲ. ಸುಮ್ಮನೆ ಹೋಗಿ, ಮೊದಲು ಮೇವು ಹಾಕುತ್ತಿದ್ದ ಗ್ವಾದಲಿಯ ಕಟ್ಟೆ ಮೇಲೆ ಬೆಳಗಾಗುವ ತನಕ ಕೂರುತ್ತಿದ್ದೆ. ಮಧ್ಯಾಹ್ನ ರೊಟ್ಟಿ ಅರ್ಧಕ್ಕೆ ಬಿಡುತ್ತಿದ್ದೆ. ಇದೆಲ್ಲ ಯಾರಿಗಾದರೂ ಹೇಳುವಂಥ ಸಂಗತಿಯೇ?

ಹೀಗಿರುವಾಗ ಮನೆಯವರು ಇದ್ದಕ್ಕಿದ್ದಂತೆ ಒಳ್ಳೆಯವರಾದರು. ಅಲ್ಲಿಂದ ಶುರುವಾಯಿತು ನನ್ನ ಪತ್ತೇದಾರಿ.

ಮೊದಲು ಹೆಂಡತಿ ಗಂಗವ್ವ. ಮಹಿಳಾ ಸಂಘದ ಮೀಟಿಂಗಿಗೆ ಹೋಗಿ ಬಂದ ದಿನವೇ ನನ್ನೆದುರು ಮಣೆ ಹಾಕಿಕೊಂಡು ಕೂತಳು. ಮುಖವನ್ನೇ ನೋಡುತ್ತಾ, “ಹೆಂಗದೀರಿ?” ಅಂದಳು. ಮದುವೆಯಾದಾಗಿನಿಂದ ಈ ಪ್ರಶ್ನೆ ಕೇಳಿದವಳಲ್ಲ.

“ಯಾಕ? ನನಗೇನಾಗೇತಿ?”

“ಏನಿಲ್ಲರಿ, ಸುಮ್ನ ಕೇಳಿದ್ನಿ.”

ಸುಮ್ಮನೆ ಅಂತೆ! ಸುಮ್ಮನೆ ಕೇಳುವವರು ಮಣೆ ಹಾಕಿಕೊಂಡು ಕೂರುತ್ತಾರೆಯೇ?

ಮರುದಿನ ಈರಣ್ಣ ಟಿವಿಯ ರಿಮೋಟನ್ನು ತಾನಾಗಿ ನನ್ನ ಕೈಗೆ ಕೊಟ್ಟ. ನಾನು ಪರೀಕ್ಷೆಗೆಂದು, ಸಾರಿಗೆ ಉಪ್ಪು ಕಡಿಮೆ ಅಂತ ಬೇಕೆಂದೇ ಜಗಳ ತೆಗೆದೆ. ಗಂಗವ್ವ ಉಪ್ಪಿನ ಡಬ್ಬಿ ತಂದಿಟ್ಟು ನಕ್ಕಳು. ಕರೆದರೂ ಜಗಳಕ್ಕೆ ಬರದ ಹೆಂಡತಿಗಿಂತ ಭಯಂಕರವಾದದ್ದು ಇನ್ನೇನಿದೆ? ಹೊಲವನ್ನು ಮಗನ ಹೆಸರಿಗೆ ಮಾಡಿಸಿಕೊಳ್ಳುವ ಮಸಲತ್ತು ಇದು ಎಂದು ತೀರ್ಮಾನಿಸಿದೆ.

ಸಣ್ಣಂದಿನ ಗೆಳೆಯ, ಟೇಲರ್ ಮಾಬುಸಾಬನ ಅಂಗಡಿಗೆ ಹೋಗಿ ಎಲ್ಲಾ ಹೇಳಿದೆ. ಅವನು ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ, “ಲೇ ಬಸಪ್ಪ, ಬೈದ್ರ ಬೈತಾರ ಅಂತಿ, ಬೈಲಿಲ್ಲಂದ್ರ ಮಸಲತ್ತು ಅಂತಿ. ನಿನ್ನ ಜೋಡಿ ಆ ಗಂಗವ್ವ ಹೆಂಗ ಬಾಳೇ ಮಾಡ್ಯಾಳೋ ಮಾರಾಯಾ!” ಅಂದ. ಆಮೇಲೆ ಕಣ್ಣು ಓರೆ ಮಾಡಿ, “ಊಟ ಬರೋಬ್ಬರಿ ಮಾಡ್ತಿ ಇಲ್ಲೋ? ನಿದ್ದಿ ಬರತೈತೇನು?” ಅಂತ ಕೇಳಿದ.

ಇವನೂ ಅವರ ಪಾರ್ಟಿ! ತರಿಸಿದ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ಅದೇ ವಾರ ಮೆಣಸಿನಗಿಡಕ್ಕೆ ಹುಳ ಹತ್ತಿತು. ಹೊಡೆಯೋಣವೆಂದು ನೋಡಿದರೆ ಅಟ್ಟದ ಮೇಲಿದ್ದ ಕೀಟನಾಶಕದ ಡಬ್ಬಿ ಇಲ್ಲ. ನನಗೆ ಒಂಥರಾ ಸಮಾಧಾನವೇ ಆಯಿತು. ಕಡೆಗೂ ಒಂದು ಕಳ್ಳತನ ಕೈಗೆ ಸಿಕ್ಕಿತಲ್ಲ! ಅಂಗಳದಲ್ಲಿ ನಿಂತು ಕೂಗಾಡಿದೆ.

“ಹುಳದ ಎಣ್ಣಿ ಯಾರ ಮುಟ್ಟಿದ್ರಲೇ? ಯಾರಿಗೆ ಕೊಟ್ರಿ?”

ಈರಣ್ಣ ನೆಲ ನೋಡಿದ. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ಗಂಗವ್ವ, “ನಾನ ತಗದಿಟ್ಟೇನ್ರಿ” ಅಂದಳು.

“ಯಾಕ?”

ಅವಳು ಕೈಯಲ್ಲಿದ್ದ ಶೇಂಗಾವನ್ನು ಬುಟ್ಟಿಗೆ ಹಾಕಿದಳು. “ನಸುಕಿನ್ಯಾಗ ಎದ್ದು ಒಬ್ಬರ ಹೋಗಿ ಆ ಕೊಟ್ಟಿಗ್ಯಾಗ ಕುಂದರತೀರಿ. ನೀವು ಎದ್ದು ಬರೂತನಕ ನಾ ಬಾಗಲ ಹಿಂದ ನಿಂತಿರತೀನಿ. ಸಂಘಕ್ಕ ಬಂದಿದ್ದ ನರ್ಸಬಾಯಿಗೆ ಹೇಳಿದ್ನಿ. ಅಂಥಾವನ್ನೆಲ್ಲಾ ತಗದಿಡು, ಮಾರಿ ನೋಡಿ ಕೇಳು, ದವಾಖಾನಿಗೆ ಕರಕೊಂಡು ಬಾ ಅಂದ್ರು. ಕೇಳಾಕ ಬಂದ್ರ ನೀವು ಕೀಲಿಕೈ ಹಿಡಕೋತೀರಿ!”

ಸಿಟ್ಟಾಗಬೇಕೋ ನಗಬೇಕೋ ತಿಳಿಯಲಿಲ್ಲ. ನಾನು ಅವರ ಮೇಲೆ ಕಣ್ಣಿಟ್ಟಿದ್ದೆ, ಅವರು ನನ್ನ ಮೇಲೆ. ‘ನಾ ಅಂಥಾಂವಲ್ಲ’ ಅನ್ನಲು ಬಾಯಿ ತೆರೆದೆ. ಆದರೆ ಆ ಕಟ್ಟೆಯ ಮೇಲೆ ಕೂತಾಗ ಬಂದು ಹೋದ ವಿಚಾರಗಳೆಲ್ಲ ಒಳ್ಳೆಯವೇ ಆಗಿದ್ದವು ಎಂದು ಎದೆ ಮುಟ್ಟಿ ಹೇಳುವ ಧೈರ್ಯ ಬರಲಿಲ್ಲ. ಅವಳ ಪಕ್ಕಕ್ಕೆ ಹೋಗಿ ಕೂತೆ. ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದೆ.

“ನಿದ್ದಿ ಬರವಲ್ದು” ಅಂದೆ.

ಅಷ್ಟು ಹೇಳುವುದಕ್ಕೆ ಇಡೀ ಹೊಲ ಹರಗಿದಷ್ಟು ದಣಿವಾಯಿತು. ಅವಳು ಮುಖ ನೋಡಲಿಲ್ಲ. “ಹೂಂ” ಅಂದಳು. ಬುಟ್ಟಿ ಖಾಲಿಯಾಗುವ ತನಕ ನಾನೇ ಮಾತಾಡಿದೆ.

ಈಗ ಹುಬ್ಬಳ್ಳಿಯ ಡಾಕ್ಟರ ಕಡೆ ಇಬ್ಬರೂ ಹೋಗಿ ಬರುತ್ತೇವೆ. ಅವರ ಮೇಲೂ ನನಗೆ ಸಂಶಯ ಹೋಗಿಲ್ಲ. ಕೂಡಿಸಿಕೊಂಡು ಮಾತು ಕೇಳುವುದಕ್ಕೆ ಅಷ್ಟೊಂದು ಓದಬೇಕೇ? ಗುಳಿಗೆಯ ಮೇಲೂ ಸಂಶಯವೇ, ಆದರೆ ತಪ್ಪದೆ ನುಂಗುತ್ತೇನೆ. ಎದುರಿಗೆ ಗಂಗವ್ವ ನಿಂತಿರುತ್ತಾಳಲ್ಲ!

ಆ ಡಬ್ಬಿಯನ್ನು ಎಲ್ಲಿಟ್ಟಿದ್ದಾಳೆ ಅಂತ ನಾನಿನ್ನೂ ಕೇಳಿಲ್ಲ. ಹುಳಕ್ಕೆ ಹೊಡೆಯುವುದಿದ್ದಾಗ ಈರಣ್ಣನೇ ಹೊಡೆದು, ಉಳಿದದ್ದನ್ನು ತಾಯಿಯ ಕೈಗೆ ಕೊಡುತ್ತಾನೆ. ಅವಳು ನನ್ನನ್ನು ಇನ್ನೂ ಪೂರಾ ನಂಬಿಲ್ಲ. ನಂಬದಿರಲಿ. ಮನೆಯಲ್ಲಿ ನನಗಿಂತ ದೊಡ್ಡ ಸಂಶಯದ ಜೀವವೊಂದು ಎಚ್ಚರವಾಗಿದೆ ಅಂದ ಮೇಲೆ, ನಾನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರೂ ನಡೆಯುತ್ತದೆ.