ಪಾಳಿ ಪಟ್ಟಿಯಲ್ಲಿ ನಾನು ಹಿಡಿದ ತಪ್ಪು

“ತಪ್ಪು ಸಿಕ್ತು ಸಾರ್!” ಎಂದು ನಾನು ಮ್ಯಾನೇಜರಿಗೆ ಕೇಳಿಸುವಂತೆ ಕುರ್ಚಿಯಿಂದ ಎದ್ದೇ ಕೂಗಿದೆ.

ಅದು ಹರಿಹರದ ಒಂದು ನೂಲಿನ ಗಿರಣಿ. ಕಾರ್ಮಿಕರಿಗೆ ಪಾಳಿ ಹಂಚುವ ಪ್ರೋಗ್ರಾಂ ಎರಡು ಸಾವಿರದ ಇಸವಿ ಬಂದರೆ ಕೆಟ್ಟು ನಿಲ್ಲುತ್ತದೆಂಬ ಭಯ ಗಿರಣಿಯವರಿಗೆ. ಅದನ್ನು ಬರೆದವನು ಊರು ಬಿಟ್ಟಿದ್ದ. ಉಳಿದಿದ್ದು ಕಂಪ್ಯೂಟರಿಗಷ್ಟೇ ಅರ್ಥವಾಗುವ ಪ್ರತಿ. ಅದನ್ನು ಮನುಷ್ಯರು ಓದುವ ಸಾಲುಗಳಾಗಿ ಬಿಡಿಸಿ ಸರಿಪಡಿಸಲು ದಾವಣಗೆರೆಯಿಂದ ನನ್ನನ್ನು ಕರೆಸಿದ್ದರು. ಬಿಡಿಸಿದ್ದೂ ಆಗಿತ್ತು; ನಾನು ಪತ್ತೇದಾರನಂತೆ ಬೀಗುತ್ತಿದ್ದೆ.

“ಈ ಇಬ್ಬರು ಯಾವತ್ತೂ ಒಂದೇ ಪಾಳಿಗೆ ಬರದಂಗೆ ಒಂದು ನಿಯಮ ಐತ್ರಿ. ಅರ್ಥ ಇಲ್ಲದ್ದು. ತೆಗೆದುಹಾಕ್ತೀನಿ,” ಎಂದೆ. ಅಳಿಸುವ ಕೀಲಿಯ ಮೇಲೆ ಬೆರಳೂ ಹೋಗಿತ್ತು.

ಪಕ್ಕದಲ್ಲಿದ್ದ ಸೂಪರ್‌ವೈಸರ್ ಬಸಣ್ಣನವರು ನನ್ನ ಮಣಿಕಟ್ಟನ್ನೇ ಹಿಡಿದರು. “ಬ್ಯಾಡ್ರಿ! ಅವರು ಬಾತಿ ಊರಿನ ಅಣ್ಣತಮ್ಮ. ಅವ್ವ ಹಾಸಿಗೆ ಹಿಡ್ದಾಳ. ಒಬ್ಬ ಇಲ್ಲಿದ್ರೆ ಇನ್ನೊಬ್ಬ ಮನ್ಯಾಗಿರಬೇಕು. ನಾನೇ ಹೇಳಿ ಬರೆಸಿದ್ದು. ಗೊತ್ತಾದ್ರೆ ಉಳಿದೋರೂ ಇಂಥಾ ಸವಲತ್ತು ಕೇಳ್ತಾರಂತ ಸುಮ್ನಿದ್ದೆ.”

ಮ್ಯಾನೇಜರು ಬಸಣ್ಣನವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಇಸವಿ ಸರಿ ಮಾಡಾಕ ಕರೆಸಿದ್ದು ನಿಮ್ಮನ್ನ. ಅವರ ಅವ್ವನ್ನ ಒಂಟಿ ಮಾಡಾಕಲ್ಲ. ಕೂಡ್ರಿ,” ಎಂದರು.

ಕುಳಿತೆ. ಬಿಡಿಸಿದ ಪ್ರೋಗ್ರಾಮಿನಲ್ಲಿ ನಿಯಮಗಳೆಲ್ಲ ಸಿಕ್ಕಿದ್ದವು, ಒಂದರ ಕಾರಣವೂ ಇರಲಿಲ್ಲ. ಆ ಸಾಲಿನ ಮೇಲೆ, ಕಂಪ್ಯೂಟರು ಓದದ, ಮುಂದೆ ಬರುವ ಜಾಣನಿಗಷ್ಟೇ ಕಾಣುವ ಟಿಪ್ಪಣಿಯೊಂದನ್ನು ಸೇರಿಸಿದೆ: “ಮುಟ್ಟಬೇಡಿ. ಮೊದಲು ಬಸಣ್ಣನವರನ್ನು ಕೇಳಿ.”