ಅತ್ತೆಯ ಕೋಳಿಗಳಿಗೊಂದು ಸೂರು

ನಮ್ಮ ಮನೆಯಲ್ಲಿ ತತ್ತಿ ಮುಟ್ಟುವವರು ಯಾರೂ ಇಲ್ಲ. ಆದರೂ ಒಂದು ದಿನ ಗಡಹಿಂಗ್ಲಜಿನ ಸಂತೆಯಿಂದ ಬಂದ ಅತ್ತೆಯ ಚೀಲದಲ್ಲಿ ಮೆಂತ್ಯದ ಸೊಪ್ಪಿನ ಜೊತೆ ಐದು ಕೋಳಿಮರಿಗಳಿದ್ದವು. ಗುಲಾಬಿ, ಹಸಿರು ಬಣ್ಣ ಬಳಿದು ಬುಟ್ಟಿಯಲ್ಲಿ ಮಾರುತ್ತಾರಲ್ಲ, ಅಂಥವು.

"ಮಾರಾಂವ ಬಿಸಲಾಗ ಇಟಗೊಂಡು ಕುಂತಿದ್ದ ನೋಡವಾ. ಬಾಯಿ ತಕ್ಕೊಂಡು ಒದರಾಕತ್ತಿದ್ದುವು. ನನಗ ನೋಡಾಕ ಆಗಲಿಲ್ಲ," ಎಂದರು.

"ಅದಕ್ಕ ಮನಿಗೇ ತರೂದನ ಅವ್ವಾ?" ಎಂದರು ನನ್ನ ಗಂಡ.

"ತಿನ್ನಾಕ ತಂದೇನೇನು? ಇರ್ತಾವ, ಅಷ್ಟ."

ಅಂಥ ಮರಿಗಳು ಸಾಮಾನ್ಯವಾಗಿ ಬದುಕುವುದಿಲ್ಲ. ಅತ್ತೆ ಮಾತ್ರ ಒಂದು ರಟ್ಟಿನ ಡಬ್ಬಿಗೆ ಬಲ್ಬು ಇಳಿಬಿಟ್ಟು, ಜೋಳದ ನುಚ್ಚು ಹಾಕಿ, ತಮ್ಮ ಮಂಚದ ಪಕ್ಕದಲ್ಲೇ ಇಟ್ಟುಕೊಂಡರು. ಐದೂ ಉಳಿದವು. ಮೂರು ಹುಂಜ, ಎರಡು ಹ್ಯಾಟೆ. ಬೇಸಿಗೆ ಬರುವ ಹೊತ್ತಿಗೆ ಹಿತ್ತಲಿನ ಕೊತ್ತಂಬರಿ ಮಡಿಯನ್ನೆಲ್ಲ ಕೆದರಿ, ನನ್ನ ಹೊಲಿಗೆ ಮಷೀನಿನ ಮೇಲೆ ಹತ್ತಿ ಕೂರತೊಡಗಿದವು. ಗಿರಾಕಿಯೊಬ್ಬರ ರೇಷ್ಮೆ ಕುಪ್ಪಸದ ಮೇಲೆ ಹೆಜ್ಜೆ ಮೂಡಿದ ದಿನ, ಇನ್ನು ಗೂಡು ಕಟ್ಟಲೇಬೇಕೆಂದು ನಾನು ಹಟ ಹಿಡಿದೆ.

ನನ್ನ ಗಂಡನದು ಮನೆಗೆ ಹೊಂದಿಕೊಂಡೇ ಇರುವ ವೆಲ್ಡಿಂಗ್ ಅಂಗಡಿ. ಕೋಳಿ ಬೇಡವೆಂದವರಿಗೆ ಗೂಡು ಎಂದ ಕೂಡಲೇ ಹುರುಪು ಬಂತು. ಕಬ್ಬಿಣದ ಆಂಗಲ್ ತಂದು, ಕೊಯ್ದು, ಬೆಸೆದು, ಪೇರಲ ಗಿಡದ ಕೆಳಗೆ ಎಂಥ ಗೂಡು ನಿಲ್ಲಿಸಿದರೆಂದರೆ, ಪಕ್ಕದ ಮನೆಯ ಮರಾಠಿ ವಹಿನಿ ಕಾಂಪೌಂಡಿನ ಮೇಲಿಂದ ನೋಡಿ, "ಅಹೋ, ಹ್ಯಾತ ವಾಘ ಪಣ ರಾಹೀಲ ಕೀ!" ಎಂದರು. ಹುಲಿ ಸಾಕಬಹುದಾದ ಗೂಡೇ ಅದು. ಚಾವಣಿಯೊಂದು ಬಾಕಿ. ಅಲ್ಲಿಂದ ತಕರಾರು ಶುರುವಾಯಿತು.

"ಪತ್ರಾ ಹಾಕೂಣು," ಎಂದರು ಇವರು. ಪತ್ರಾ ಎಂದರೆ ತಗಡಿನ ಹಾಳೆ. "ನಾಕು ಬೋಲ್ಟ್ ಬಿಗಿದ್ರ ಮುಗೀತು."

"ಹಂಚ ಹಾಕು. ತೆಳಗ ತಣ್ಣಗಿರ್ತೈತಿ," ಎಂದರು ಅತ್ತೆ. "ಇಲ್ಲಾಂದ್ರ ಕಬ್ಬಿನ ರವದಿ ಹೊಚ್ಚು." ರವದಿ ಎಂದರೆ ಒಣಗಿದ ಸೋಗೆ.

"ರವದಿ? ನನ್ನ ವೆಲ್ಡಿಂಗ್ ಕಿಡಿ ಒಂದು ಹಾರಿದ್ರ ಗೂಡೂ ಇಲ್ಲ, ಕೋಳೀನೂ ಇಲ್ಲ. ಇನ್ನ ಹಂಚ ಅಂದ್ರ, ಅದಕ್ಕ ಮತ್ತ ಕಟಗಿ ರೀಪು ಬೇಕು. ಯಾರ ಮಾಡ್ತಾರ?"

ನನ್ನನ್ನು ಕೇಳಿದರು. ನಾನು ಗಂಡನ ಪಕ್ಷ ವಹಿಸಿದೆ, ಬೇಗ ಮುಗಿಯಲಿ ಎಂದು. ಇಬ್ಬರೂ ಬೈಕ್ ಹತ್ತಿ ಕೊಲ್ಲಾಪುರಕ್ಕೆ ಹೋದೆವು. ಅಲ್ಲಿ ಅಂಗಡಿಯ ಮುಂದೆ ನೀಲಿ, ಕೆಂಪು, ಹಸಿರು ಹಾಳೆಗಳನ್ನು ಗೋಡೆಗೆ ಆನಿಸಿಟ್ಟಿದ್ದರು. ಅಂಗಡಿಯವರು ಮರಾಠಿಯಲ್ಲಿ, ಯಾತಕ್ಕೆ ಬೇಕು, ಗೋದಾಮಿಗೋ ಎಂದು ಕೇಳಿದರು. ಕೋಳಿಗೆ ಎನ್ನಲು ಇವರಿಗೆ ನಾಚಿಕೆ. "ಆಫೀಸ್ ಆಹೆ," ಎಂದುಬಿಟ್ಟರು. ಎಷ್ಟು ಜನ ಕೂರುತ್ತಾರೆ ಎಂದರೆ, "ಪಾಚ ಜಣ," ಐದು ಜನ, ಎಂದರು. ನಾನು ಸೆರಗು ಕಚ್ಚಿ ಆ ಕಡೆ ತಿರುಗಿದೆ. ಅಂಗಡಿಯವರು ಗಂಭೀರವಾಗಿ, ಹಾಗಾದರೆ ಕೆಳಗೆ ಥರ್ಮಾಕೋಲ್ ಹಾಕಿಸಿರಿ, ಬಿಸಿಲಿಗೆ ನೌಕರರು ಬೇಯುತ್ತಾರೆ ಎಂದು ಸಲಹೆ ಕೊಟ್ಟರು. ನಮ್ಮ ನೌಕರರು ಗಟ್ಟಿಯಿದ್ದಾರೆ ಎಂದು ಹೇಳಿ ಇವರು ನೀಲಿ ಹಾಳೆ ಕಟ್ಟಿಸಿದರು. ಕಾಗಲ್ ದಾಟುವವರೆಗೂ ನನಗೆ ನಗು ನಿಲ್ಲಲಿಲ್ಲ. ಮನೆಯಲ್ಲಿ ಹೇಳಿದಾಗ ಅತ್ತೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಗೂಡಿಗೆ ಆಫೀಸ್ ಎಂದೇ ಹೆಸರು.

ನೀಲಿ ಪತ್ರಾ ನೋಡಲು ಚೆನ್ನಾಗಿಯೇ ಇತ್ತು. ಆದರೆ ಬಿಸಿಲೇರಿದಂತೆ ಕೋಳಿಗಳು ರೆಕ್ಕೆ ಜೋತುಬಿಟ್ಟು ಏದುಸಿರು ಬಿಡುತ್ತಿದ್ದವು. ಅತ್ತೆ ದಿನವೂ ಗೋಣಿತಾಟು ತೋಯಿಸಿ ಮೇಲೆ ಹೊದಿಸುವರು, ಮಗನ ಕಡೆ ನೋಡುವರು. ಆ ನೋಟ ಇವರಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆಮೇಲೊಂದು ಸಂಜೆ ಗುಡುಗಿ ಆಲಿಕಲ್ಲು ಮಳೆ ಬಂತು. ಪತ್ರಾದ ಮೇಲೆ ಕಲ್ಲು ಬಿದ್ದ ಸಪ್ಪಳಕ್ಕೆ ನಾವೇ ಬೆಚ್ಚಿಬಿದ್ದೆವು. ಗೂಡಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಐದೂ ಕೋಳಿಗಳು ಕಿರುಚುತ್ತ ಹಿತ್ತಲ ಬಾಗಿಲಿಂದ ಮನೆಯೊಳಗೆ ನುಗ್ಗಿದವು. ಒಂದು ಹಿಟ್ಟಿನ ಡಬ್ಬಿಯ ಹಿಂದೆ, ಎರಡು ಮಂಚದ ಕೆಳಗೆ, ಇನ್ನೊಂದು ನನ್ನ ಬಟ್ಟೆಯ ರಾಶಿಯಲ್ಲಿ. ಕೆಂಪು ಹುಂಜ ಕಾಣಲಿಲ್ಲ. ಹುಡುಕುತ್ತ ದೇವರ ಮನೆಗೆ ಇಣುಕಿದರೆ, ದೇವರನ್ನಿಟ್ಟ ಜಗಲಿಯ ಮೇಲೆ ವಿಭೂತಿ ತಟ್ಟೆಯ ಪಕ್ಕದಲ್ಲಿ ನಡುಗುತ್ತ ನಿಂತಿತ್ತು.

ಆ ಜಗಲಿಯನ್ನು ನಾವು ಸ್ನಾನ ಮಾಡದೆ ಮುಟ್ಟಿದವರಲ್ಲ. ಅಷ್ಟರಲ್ಲಿ ಅತ್ತೆ ಬಂದರು. ನೋಡಿದರು. ಮೆಲ್ಲಗೆ ಹೋಗಿ ಹುಂಜವನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು.

"ಅಂಜಿ ಬಂದೈತಿ. ಅಂಜಿಕಿ ಆದ್ರ ನಾವೂ ಇಲ್ಲೇ ಬರ್ತೇವಲ್ಲ," ಎಂದರು. ಆಮೇಲೆ ಮಗನ ಕಡೆ ತಿರುಗಿ, "ಲೇ, ನಿನ್ನ ಆಫೀಸ್ನಾಗ ಭಾಳ ಗದ್ದಲಪಾ," ಎಂದರು.

ಇವರು ನಗಲಿಕ್ಕೆ ಶುರುಮಾಡಿದವರು ಗೋಡೆಗೆ ಒರಗಿ ಕುಳಿತೇಬಿಟ್ಟರು. "ಆತವ್ವಾ, ಹಂಚ ಹಾಕೂಣು. ನಾನ ಸೋತೆ."

ನನ್ನ ತಮ್ಮ ಇಚಲಕರಂಜಿಯಲ್ಲಿ ಮಗ್ಗದ ಶೆಡ್ಡಿನಲ್ಲಿ ಕೆಲಸ ಮಾಡುತ್ತಾನೆ. ಮಗ್ಗಗಳ ಸದ್ದಿನಲ್ಲಿ ಇದ್ದೂ ಇದ್ದೂ ಫೋನಿನಲ್ಲೂ ಕೂಗಿಯೇ ಮಾತಾಡುತ್ತಾನೆ. "ಅಕ್ಕಾ! ನಮ್ಮ ಮಗ್ಗುಲಿನ ಹಳೇ ಶೆಡ್ ಕೆಡವ್ಯಾರ! ಹಂಚ ಒಟ್ಟ್ಯಾರ! ಬೇಕಾದ್ದು ಒಯ್ರಿ ಅಂದಾರ ಮಾಲಕರು!" ಎಂದು ಅವನು ಒದರಿದ್ದು ಅತ್ತೆಗೂ ಕೇಳಿಸಿತು. "ನಾನೂ ಬರ್ತೇನಿ. ಹಂಚ ನನಗ ಗೊತ್ತಾಗ್ತೈತಿ," ಎಂದು ಹೊಸ ಇಳಕಲ್ ಸೀರೆ ಉಟ್ಟು ಬಾಡಿಗೆ ಟೆಂಪೋದ ಮುಂದಿನ ಸೀಟಿನಲ್ಲಿ ಕುಳಿತರು. ನಾನು ಅವರ ಪಕ್ಕ, ಇವರು ಹಿಂದೆ.

ಸುತ್ತಲ ಶೆಡ್ಡುಗಳಲ್ಲಿ ಮಗ್ಗ ಖಟಖಟ ನಡೆದಿತ್ತು. ಅತ್ತೆ ಒಂದೊಂದೇ ಹೆಂಚು ಎತ್ತಿ, ಬೆರಳ ಗೆಣ್ಣಿನಿಂದ ಬಾರಿಸಿ, ಕಿವಿಗೆ ಹಿಡಿಯುವರು. ಆ ಸದ್ದಿನಲ್ಲಿ ಏನು ಕೇಳುತ್ತಿತ್ತೋ!

"ಏನರೆ ಕೇಳಸತೈತೇನ್ರೀ ಆಯೀ?" ಎಂದು ತಮ್ಮ ಕೂಗಿದ.

"ಏನೂ ಕೇಳಸವಲ್ದೋ ತಮ್ಮಾ!" ಎಂದು ಅತ್ತೆಯೂ ಕೂಗಿದರು. ಮತ್ತೆ ನಾವೆಲ್ಲ ನಕ್ಕು, ಹೆಂಚುಗಳನ್ನು ರಸ್ತೆಯಾಚೆ ಬೇವಿನ ಮರದ ಕೆಳಗೆ ಹೊತ್ತೊಯ್ದು ಬಾರಿಸಿದೆವು. ಟಣ್ ಎಂದದ್ದು ಟೆಂಪೋಗೆ, ಬೊದ್ ಎಂದದ್ದು ವಾಪಸ್ಸು. ರಾಶಿಯ ತಳದಲ್ಲಿ ನನಗೊಂದು ಗಾಜಿನ ಹೆಂಚು ಸಿಕ್ಕಿತು. ಧೂಳು ಒರೆಸಿ ಬಿಸಿಲಿಗೆ ಹಿಡಿದೆ. "ಇದೂ ಇರ್ಲಿ. ಒಳಗ ಬೆಳಕ ಬೇಕು," ಎಂದು ಅತ್ತೆ ಅದನ್ನು ಊರು ತಲುಪುವವರೆಗೂ ತೊಡೆಯ ಮೇಲೆ ಇಟ್ಟುಕೊಂಡರು.

ಕಟ್ಟಿಗೆಯ ಕೆಲಸ ಗೊತ್ತಿಲ್ಲದ ನನ್ನ ಗಂಡ ಎರಡು ಸಲ ಬೆರಳು ಜಜ್ಜಿಕೊಂಡು ರೀಪು ಬಡಿದರು. ನಾನು ಹೆಂಚು ಎತ್ತಿಕೊಟ್ಟೆ. ಅತ್ತೆ ಕುರ್ಚಿ ಹಾಕಿಸಿಕೊಂಡು, ಇಳಿಜಾರು ಸಾಲದು, ಇನ್ನಷ್ಟು ಎತ್ತು ಎನ್ನುತ್ತ ಇಡೀ ದಿನ ಕೂತರು.

ಮುಂಗಾರು ಒಂದು ಮಧ್ಯಾಹ್ನ ಇಳಿಯಿತು. ನಾವು ಮೂವರೂ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದೆವು. ಹೆಂಚಿನ ಮೇಲೆ ಮಳೆ ಹಗುರಾಗಿ ಸದ್ದು ಮಾಡುತ್ತಿತ್ತು, ಅಂಚಿನಿಂದ ನೀರು ದಾರದಂತೆ ಇಳಿಯುತ್ತಿತ್ತು. ಒಂದು ಮೂಲೆಯಲ್ಲಿ ಸೋರಿತು. ಇವರು ಮಳೆಯಲ್ಲೇ ಓಡಿ ಹೆಂಚು ಸರಿಸಿದರು. "ಎಡಕ್ಕ! ಎಡಕ್ಕಲೇ!" ಎಂದು ಅತ್ತೆ ಕೊಡೆ ಮರೆತು ಅಂಗಳಕ್ಕಿಳಿದು ತೊಯ್ದರು. ವಹಿನಿ ಕಾಂಪೌಂಡಿನ ಆಚೆಯಿಂದ ನಮ್ಮನ್ನು ನೋಡಿ ನಗುತ್ತಿದ್ದರು.

ಸೋರುವುದು ನಿಂತ ಮೇಲೆ ಅತ್ತೆ ಬಗ್ಗಿ ಒಳಗೆ ನೋಡಿದರು. ನಾನೂ ಮಳೆಗಿಳಿದು ನೋಡಿದೆ. ಗಾಜಿನ ಹೆಂಚಿನ ಕೆಳಗೆ ಬಿದ್ದ ಬೆಳಕಿನಲ್ಲಿ ಕೋಳಿಗಳು ಒಂದಕ್ಕೊಂದು ಒತ್ತಿಕೊಂಡು ಕಣ್ಣು ಮುಚ್ಚಿದ್ದವು.

"ಮಲಗ್ಯಾವ. ಮಾತಾಡಬ್ಯಾಡ್ರಿ," ಎಂದು ಅತ್ತೆ ಪಿಸುಗುಟ್ಟಿದರು. ತೊಯ್ದು ತೊಪ್ಪೆಯಾದ ನಾವು ಮೂವರೂ ಸದ್ದು ಮಾಡದೆ, ಒಬ್ಬರ ಹಿಂದೆ ಒಬ್ಬರು, ಚಹಾ ಮಾಡಲು ಒಳಗೆ ಹೋದೆವು.